ಥೀಬ್ಸಿನ ಅರಸರೂ ನನ್ನ ಗಂಡನ ಹೇಸರಗತ್ತೆಗಳೂ

ನನ್ನ ಗಂಡ ಥಿಮಿಯೋಸ್ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ತೀರಿಕೊಂಡ. ಸತ್ತವರ ಹೆಸರಲ್ಲಿ ಹಂಚುವ ನಲವತ್ತನೆಯ ದಿನದ ಗೋಧಿ ಬೇಯಿಸಿ ಹಂಚಿದ್ದೂ ಆಯಿತು. ಅಳು ಇನ್ನೂ ಮುಗಿದಿಲ್ಲ. ಆದರೆ ಅವನ ವಿಷಯ ಬರೆಯಲು ಕೂತರೆ ನಗು ಬರುತ್ತದೆ. ಏನು ಮಾಡಲಿ, ಅವನು ಇದ್ದದ್ದೇ ಹಾಗೆ.

ಅವನು ಹೇಸರಗತ್ತೆ ಹೊಡೆಯುವವನು. ನಮ್ಮ ಥೀಬ್ಸಿನಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಹಳೇ ಅರಮನೆಯ ಗೋಡೆ ಸಿಗುತ್ತದೆ. ಸರಕಾರದವರು ಅಗೆಯುತ್ತಿದ್ದರು, ಇವನು ಮಣ್ಣು ಹೊರಿಸುತ್ತಿದ್ದ. ಓದು ಬರದು. ಮೇಸ್ತ್ರಿಯ ಬಾಯಿಂದ ಊರಿನ ಹಳೇ ರಾಜರ ಕಥೆ ಕೇಳಿ, ಕೊಂಡ ಹೇಸರಗತ್ತೆಗಳಿಗೆಲ್ಲ ಸಾಲಾಗಿ ಅವರ ಹೆಸರಿಟ್ಟ. ಮೊದಲನೆಯದು ಕಾಡ್ಮಸ್, ಊರು ಕಟ್ಟಿದವನು. ಎರಡನೆಯದು ಪಾಲಿಡೋರಸ್. ಕೊನೆಗೆ ಲೇಯಸ್, ಈಡಿಪಸ್. ಇವೆರಡನ್ನು ಒಂದೇ ತೊಟ್ಟಿಗೆ ಬಿಡುತ್ತಿರಲಿಲ್ಲ.

"ಅಪ್ಪ ಮಗನ್ನ ಒಟ್ಟಿಗೆ ಕಟ್ಟಬಾರದು ಕಣೇ. ಮಗ ಅಪ್ಪನ್ನೇ ಕೊಂದ ಮನೆತನ ಅದು" ಎನ್ನುತ್ತಿದ್ದ.

ಲಾಂಬ್ರೋಸ್ ಒಂದು ಮಾತ್ರ ರಾಜನಲ್ಲ. ಅದು ನನ್ನ ಬಳುವಳಿ. ಈಸ್ಟರ್ ದಿನ ಹುಟ್ಟಿತೆಂದು ನನ್ನಪ್ಪ ಆ ಹಬ್ಬದ ಹೆಸರನ್ನೇ ಇಟ್ಟಿದ್ದ. ಪಾಲಿಡೋರಸ್ ಆದಮೇಲೆ ನಾನೂ ಅದೂ ಒಟ್ಟಿಗೆ ಈ ಮನೆಗೆ ಬಂದೆವು.

ಆಮೇಲೆ ಲಾರಿಗಳು ಬಂದವು. ಹೇಸರಗತ್ತೆಗಳಿಗೆ ಕೆಲಸ ಹೋಯಿತು. ನಮ್ಮ ಬೀದಿಯ ಅರ್ಧ ಗಂಡಸರು ಜರ್ಮನಿಯ ರೈಲು ಹತ್ತಿದರು. ಇವನಿಗೂ ಅಲ್ಲಿನ ಕಾರ್ಖಾನೆಯಿಂದ ಕಾಗದ ಬಂತು. ಶನಿವಾರ ಹೊರಡಬೇಕು, ಎರಡು ವರ್ಷ. ನಾನು ಊಟ ಬಿಟ್ಟೆ. ಅಷ್ಟರಲ್ಲಿ ಅಗೆತದ ಜಾಗಕ್ಕೆ ಒಬ್ಬ ಕಾವಲುಗಾರ ಬೇಕು ಅಂದರು. ಅದು ಸಿಕ್ಕರೆ ಇವನು ಉಳಿಯುತ್ತಾನೆ.

ಗುರುವಾರ ಬೆಳಿಗ್ಗೆ ಅಥೆನ್ಸಿನಿಂದ ಅಗೆತದ ಇಲಾಖೆಯ ಒಬ್ಬ ಪಂಡಿತಮ್ಮ ಬಂದು ಪುರಸಭೆಯಲ್ಲಿ ಪರೀಕ್ಷೆ ಮಾಡಲು ಕೂತರು. ಬಂದವರು ಇಬ್ಬರೇ. ಇವನು, ಮತ್ತೆ ಹೈಸ್ಕೂಲು ಮುಗಿಸಿದ ಸೋತೀರಿಸ್. ನಾನೂ ಪಕ್ಕದ ಮನೆ ಗರುಫಲ್ಯಾಳೂ ಸೊಪ್ಪು ಸೋಸುವ ನೆವದಲ್ಲಿ ಕಿಟಕಿಯ ಕೆಳಗೆ ಕೂತೆವು.

ರಾಜರ ಹೆಸರು ಹೇಳಿ ಎಂದರು. ಸೋತೀರಿಸ್ ಗಡಗಡ ಒಪ್ಪಿಸಿದ. ಒಂದೂ ತಪ್ಪಿಲ್ಲ.

"ನಿನ್ನ ಗಂಡ ಎದ್ದ. ಗಟ್ಟಿಯಾಗಿ ಕೂತ್ಕೋ" ಅಂದಳು ಗರುಫಲ್ಯಾ.

"ಕಾಡ್ಮಸ್" ಅಂದ ಇವನು. "ಪಾಲಿಡೋರಸ್. ಲಾಂಬ್ರೋಸ್."

ನನ್ನ ಕೈಯ ಸೊಪ್ಪು ನೆಲಕ್ಕೆ ಬಿತ್ತು. ಒಳಗೆ ಸೋತೀರಿಸ್ ಕಿಸಕ್ಕೆಂದ.

"ಲಾಂಬ್ರೋಸಾ? ಇದ್ಯಾವ ರಾಜನಪ್ಪಾ? ಏನು ಮಾಡಿದ ಇವನು?" ಅಂದರು ಪಂಡಿತಮ್ಮ.

"ಒದೀತಿದ್ದ, ಅಮ್ಮಾ" ಅಂದುಬಿಟ್ಟ. "ತಪ್ಪಾಯ್ತು. ಅದು ರಾಜ ಅಲ್ಲ, ನನ್ನ ಹೆಂಡ್ತಿ ಬಳುವಳಿ. ಪಾಲಿಡೋರಸ್ ಆದ್ಮೇಲೆ ಕೊಟ್ಟಿಗೆಗೆ ಬಂತು. ಬಾಯಿಗೆ ಹಂಗೇ ಬಂದುಬಿಡ್ತು."

ಪಂಡಿತಮ್ಮನಿಗೆ ಅರ್ಥವಾಗಲಿಲ್ಲ. ಇವನು ಹೇಸರಗತ್ತೆಗಳ ಕಥೆಯೆಲ್ಲ ಹೇಳಿದ. ಮುಗಿಯಿತು, ಶನಿವಾರದ ರೈಲೇ ಗತಿ ಎಂದುಕೊಂಡೆ ನಾನು.

ಅವರು ಇನ್ನೊಂದು ಪ್ರಶ್ನೆ ಹಾಕಿದರು. "ಯಾರೋ ಒಂದು ಹಳೇ ಗಡಿಗೆ ಎತ್ಕೊಂಡು ಹೊರಟರು. ಏನು ಮಾಡ್ತೀರಿ?"

ಸೋತೀರಿಸ್ ಕಾನೂನಿನ ನಂಬರು ಹೇಳಿದ. ಪೊಲೀಸರನ್ನು ಕರೆಸುತ್ತೇನೆ ಎಂದ.

"ನಾನು ಕೂರಿಸಿ ನೀರು ಕೊಡ್ತೀನಿ ಅಮ್ಮಾ" ಅಂದ ನನ್ನವನು. "ನೀರು ಕುಡಿಯೋಕೆ ಗಡಿಗೆ ಕೆಳಗಿಡಲೇಬೇಕಲ್ಲ. ಆಗ ಎತ್ತಿಟ್ಕೋತೀನಿ. ಹಂಗೇ ಮಾಡಿದ್ದೀನಿ ಒಂದ್ಸಲ."

"ಯಾರಿಗೆ?"

"ನನ್ನ ಹೆಂಡ್ತಿಗೇ. ತುಳಸಿ ನೆಡೋಕೆ ಅಂತ ಒಯ್ದಿದ್ಳು. ನಾನು ವಾಪಸ್ ಕೊಟ್ಟು ಬಂದೆ. ಸೌಟಲ್ಲಿ ಹೊಡೆದ್ಳು."

ನನಗೆ ತಡೆಯಲಾಗಲಿಲ್ಲ. ಎದ್ದು ಕಿಟಕಿಯಲ್ಲಿ ತಲೆ ತೂರಿಸಿದೆ. "ಲೋ ಸುಳ್ಳಾ! ನಾನೇ ವಾಪಸ್ ಕೊಟ್ಟಿದ್ದು ಕಣೋ ಅದನ್ನ! ಅಮ್ಮಾವ್ರೇ, ನಂಬಬೇಡಿ!"

"ಇವರ್ಯಾರು?" ಅಂದರು ಪಂಡಿತಮ್ಮ.

"ಲಾಂಬ್ರೋಸ್ ಮಹಾರಾಜರ ತವರಿನವಳು" ಅಂದ ಥಿಮಿಯೋಸ್.

ಅಷ್ಟು ದೊಡ್ಡ ಪಂಡಿತಮ್ಮ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಸೋತೀರಿಸನ ಕಡೆ ತಿರುಗಿ, "ನೀನು ಚೆನ್ನಾಗಿ ಓದಿದೀಯಪ್ಪಾ, ಇನ್ನೂ ಓದು. ಇಲ್ಲಿ ಕಾಯೋಕೆ ಹೆಂಡ್ತಿ ಕದ್ದರೂ ಬಿಡದವನು ಬೇಕು" ಎಂದು ನನ್ನ ಗಂಡನ ಹೆಸರು ಬರೆದರು.

ಅವನು ಕಾವಲಿನ ಟೋಪಿ ಹಾಕಿಕೊಂಡೇ ಹೊರಗೆ ಬಂದ. ಕಿವಿ ಮುಚ್ಚುವಷ್ಟು ದೊಡ್ಡದು. ನಡುಬೀದಿಯಲ್ಲಿ ನನ್ನ ಕೈ ಹಿಡಿದು ಕುಣಿಸಿದ. "ಬಿಡೋ, ಜನ ನೋಡ್ತಾರೆ" ಅಂದೆ. "ನೋಡ್ಲಿ ಬಿಡೇ. ಶನಿವಾರ ಊರಲ್ಲೇ ಇರ್ತೀನಿ, ಭಾನುವಾರಾನೂ ಇರ್ತೀನಿ" ಅಂದ.

ಜರ್ಮನಿಯ ಕಾಗದ ಹಾಕಿ ಅವತ್ತು ಒಲೆ ಹೊತ್ತಿಸಿದೆ. ಸಂಭ್ರಮದಲ್ಲಿ ರೊಟ್ಟಿ ತಳ ಸೀದುಹೋಯಿತು. ಇಬ್ಬರೂ ಪೂರ್ತಿ ತಿಂದೆವು.