ಅಂಗೈಯ ಮೇಲಿನ ಲಿಂಗ

ಹಾನಗಲ್ಲಿನ ಕೋರ್ಟಿನಲ್ಲಿ ಅಪ್ಪ ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಯ ಮೇಲಿಟ್ಟುಕೊಂಡ. ಎದುರಿಗೆ ನಿಂತವನು ನಮ್ಮ ಬಾಡಿಗೆಮನೆ ಬಿಟ್ಟುಹೋಗಿದ್ದ ದರ್ಜಿ ನಿಂಗಪ್ಪ. ಅವನು ಠೇವಣಿ ವಾಪಸು ಕೇಳಿದ್ದಕ್ಕೆ ಅಪ್ಪ, ತಾನು ಇಸಕೊಂಡೇ ಇಲ್ಲ ಅಂದುಬಿಟ್ಟಿದ್ದ. ಅವನು ಕೊಟ್ಟಿದ್ದು ನಮ್ಮ ಪಡಸಾಲೆಯಲ್ಲಿ, ನಮ್ಮೆಲ್ಲರ ಕಣ್ಣೆದುರಿಗೆ. ನಂಬಿಕೆಯ ಮೇಲೆ ಪಾವತಿ ಚೀಟಿಯನ್ನೂ ಬರೆಸಿಕೊಂಡಿರಲಿಲ್ಲ.

“ಲಿಂಗ ಹಿಡದು ಹಂಗ ಅನ್ರಿ ಸಾವಕಾರ್ರ, ದಾವಾ ಬಿಟ್ಟಬಿಡ್ತೇನಿ,” ಎಂದು ಆಣೆ ಕೇಳಿದವನು ನಿಂಗಪ್ಪನೇ. ಇಂಗ್ಲಿಷ್ ರಾಜನ ಪಟದ ಕೆಳಗೆ ಕೂತಿದ್ದ ಸಾಹೇಬರು ಒಪ್ಪಿದರು. ಲಿಂಗ ಮುಟ್ಟಿ ಅಪ್ಪ ಸುಳ್ಳಾಡಲಾರ ಎಂದೇ ನಿಂಗಪ್ಪ ನಂಬಿದ್ದ. ಹಿಂದಿನ ಬೆಂಚಿನ ಮೇಲೆ ಕೂತಿದ್ದ ನಾನೂ ನಂಬಿದ್ದೆ.

ಅಪ್ಪ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ. ಅಷ್ಟರಲ್ಲಿ ನಿಂಗಪ್ಪ ಕೂಗಿಯೇಬಿಟ್ಟ: “ಬ್ಯಾಡ್ರೀ! ಲಿಂಗ ಒಳಗ ಇಡ್ರಿ. ರೊಕ್ಕ ಹೋದ್ರ ಹೋಗ್ಲಿ, ನಿಮ್ಮ ಮನ್ಯಾಗ ಮಕ್ಕಳದಾರ.”

ದಾವೆ ಅಲ್ಲಿಗೇ ಮುಗಿಯಿತು. ಗೆದ್ದವರು ನಾವು. ಅಪ್ಪ ಪೇಟ ಸರಿಮಾಡಿಕೊಂಡು ಹೊರಗೆ ನಡೆದ. ನನಗೆ ನಿಂಗಪ್ಪನ ಮುಖ ನೋಡಲಾಗಲಿಲ್ಲ.

ಈಗ ದಿನಾ ನಾನೂ ಪೂಜೆಗೆ ಕೂಡುತ್ತೇನೆ. ಲಿಂಗ ಅಂಗೈಗೆ ಬಂದ ಕೂಡಲೇ ಆ ಕೂಗು ಕೇಳುತ್ತದೆ, ತಲೆ ತಾನೇ ತಗ್ಗುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತೇನೆ. ಮನೆಯವರು ಅದನ್ನು ಭಕ್ತಿ ಅಂದುಕೊಂಡಿದ್ದಾರೆ.