ಒಂದು ಕೈ ಶಾರ್ಟೇಜ್

ಇರುವುದನ್ನು ಅಳೆಯಲು ಮನುಷ್ಯ ಸೇರು, ಗಜ, ತಕ್ಕಡಿ ಎಂದು ಏನೇನೋ ಮಾಡಿಕೊಂಡಿದ್ದಾನೆ; ಇಲ್ಲದಿರುವುದನ್ನು ಅಳೆಯುವ ಸಾಧನ ಮಾತ್ರ ಅವನಿಗೆ ಇದುವರೆಗೂ ಸಿಕ್ಕಿಲ್ಲ. ಕಾಲೇಜಿನ ಹಾಜರಿ ಪುಸ್ತಕವೊಂದನ್ನು ಬಿಟ್ಟು. ಆ ಸಾಧನವನ್ನು ಶ್ರೀನಿವಾಸಪುರದಲ್ಲಿ ಇಪ್ಪತ್ತಾರು ವರ್ಷ ಕಂಕುಳಲ್ಲಿಟ್ಟುಕೊಂಡು ಓಡಾಡಿದವನು ನಾನು.

ಮೊನ್ನೆ ಮುಳಬಾಗಿಲಿನ ಬಸ್ಸಿನಲ್ಲಿ ಒಬ್ಬ ಹೆಂಗಸು ಒದ್ದೆ ಗೋಣಿಚೀಲವೊಂದನ್ನು ನನ್ನ ಕಾಲ ಬಳಿ ಇಟ್ಟು ಪಕ್ಕದಲ್ಲಿ ಕೂತಳು. ಒಳಗೆ ಹಿಪ್ಪುನೇರಳೆ ಸೊಪ್ಪು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಆಕೆ ಕಂಡಕ್ಟರನ ಕಡೆ ಒಮ್ಮೆ ನೋಡಿದಳು. ಕಾರಣವನ್ನು ಆಕೆಗೆ ಹೇಳುವಷ್ಟು ಸಲಿಗೆಯಿರಲಿಲ್ಲ, ನಿಮಗೆ ಹೇಳುತ್ತೇನೆ.

ಶಾರ್ಟೇಜ್ ಎಂಬ ಇಂಗ್ಲಿಷ್ ಪದ ನಮ್ಮ ಕೋಲಾರದ ಕಡೆಗೆ ಯಾವಾಗ ಬಂತೋ ತಿಳಿಯದು, ಬಂದಮೇಲೆ ವಾಪಸು ಹೋಗಲಿಲ್ಲ. ನಲ್ಲಿಯಲ್ಲಿ ನೀರು ಶಾರ್ಟೇಜ್. ಟೇಕಲ್ಲಿಗೆ ಬಸ್ಸು ಶಾರ್ಟೇಜ್. ಮದುವೆ ಮನೆಯ ಕೊನೆಯ ಪಂಕ್ತಿಗೆ ಹೋಳಿಗೆ ಶಾರ್ಟೇಜ್. ನನ್ನ ಸೋದರಮಾವನ ಪ್ರಕಾರ ನನಗೆ ಲೋಕಜ್ಞಾನ ಶಾರ್ಟೇಜ್. ಇಂಗ್ಲಿಷ್ ಅಧ್ಯಾಪಕನಾಗಿ ಈ ಸಡಿಲತನವನ್ನು ನಾನು ಒಪ್ಪುತ್ತಿರಲಿಲ್ಲ. "ವಸ್ತು ಇದೆ, ಸಾಲದು. ಅದು ಶಾರ್ಟೇಜ್. ವಸ್ತುವೇ ಇಲ್ಲ. ಅದು ಆಬ್ಸೆನ್ಸ್. ಮೊದಲನೇದನ್ನ ತುಂಬಿಸಬಹುದು, ಎರಡನೇದನ್ನ ತುಂಬಿಸೋಕಾಗಲ್ಲ" ಎಂದು ಪ್ರತಿವರ್ಷ ಒಂದೇ ಗಾಂಭೀರ್ಯದಿಂದ ಹೇಳಿ, ಪೂರ್ಣವಿರಾಮಕ್ಕೆ ಬದಲಾಗಿ ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದೆ. ಹುಡುಗರು ಕಾಯುತ್ತಿದ್ದದ್ದು ವ್ಯಾಖ್ಯೆಗಲ್ಲ, ಸೀನಿಗೆ ಎಂದು ಬಹಳ ತಡವಾಗಿ ತಿಳಿಯಿತು.

ಒಂದು ವರ್ಷ, ಪರೀಕ್ಷೆಗೆ ತಿಂಗಳಿದೆ ಎನ್ನುವಾಗ, ಆಫೀಸಿನ ಬಾಷಾ ಸಾಬರು ಹಾಜರಿ ಕಡಿಮೆಯಾದವರ ಪಟ್ಟಿ ಹಿಡಿದು ಬಂದರು. ಅನಿತ ಎಂಬ ಕೊನೆಯ ವರ್ಷದ ಹುಡುಗಿಯ ಹೆಸರಿನ ಮೇಲೆ ಬೆರಳಿಟ್ಟರು.

"ಬಾಕಿ ಎಲ್ಲಾ ಸಬ್ಜೆಕ್ಟಲ್ಲಿ ಸರಿ ಇದಾಳೆ ಸಾರ್. ನಿಮ್ದ್ರಲ್ಲೇ ಶಾರ್ಟೇಜು. ಹೀಗೇ ಹೋದ್ರೆ ಹಾಲ್ ಟಿಕೆಟ್ ಬರಲ್ಲ."

ನನ್ನದು ದಿನದ ಮೊದಲ ಪೀರಿಯಡ್ಡು. ಪುಸ್ತಕ ತಿರುವಿದೆ. ಹದಿನೈದು ಇಪ್ಪತ್ತು ದಿನ ನೆಟ್ಟಗೆ ಬರುವುದು, ಆಮೇಲೆ ಒಂದು ವಾರ ಮಾಯ. ಮತ್ತೆ ಅದೇ ಚಕ್ರ. ಇದು ಸೋಮಾರಿತನವಲ್ಲ, ಸಂಚು ಎಂದು ತೀರ್ಮಾನಿಸಿ, ಅವಳ ಹಿರಿಯರಿಗೆ ಎಚ್ಚರಿಕೆ ಕೊಡಲು ಒಂದು ಭಾನುವಾರ ಅವಳ ಹಳ್ಳಿಗೆ ಹೊರಟೆ.

ಬಾಗಿಲು ಮುಚ್ಚಿತ್ತು, ತಳ್ಳಿದರೆ ತೆರೆಯಿತು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಸಭ್ಯನೆಂಬ ಹೆಮ್ಮೆಯಲ್ಲಿ ಒಳಗೆ ಹೆಜ್ಜೆಯಿಟ್ಟೆ. ನಡುಮನೆಯ ತುಂಬ ಅಟ್ಟಣೆ, ಅದರಲ್ಲಿ ಬಿದಿರಿನ ತಟ್ಟೆಗಳು, ತಟ್ಟೆಗಳ ತುಂಬ ಬೆರಳುದ್ದದ ರೇಷ್ಮೆಹುಳು. ಅವು ಸೊಪ್ಪು ಮೇಯುವ ಸದ್ದು ಪರೀಕ್ಷಾ ಹಾಲಿನಲ್ಲಿ ಐವತ್ತು ಜನ ಒಟ್ಟಿಗೆ ಬರೆಯುವಾಗಿನ ಸದ್ದಿನಂತಿತ್ತು. ಸೊಪ್ಪು ಹರಡುತ್ತಿದ್ದ ಅನಿತ "ಸಾರ್" ಎಂದು ಹಾಗೇ ನಿಂತಳು. ಅವಳ ಗಾಬರಿ ಕಳೆಯೋಣವೆಂದು ನಾನೊಂದು ಎಲೆ ಎತ್ತಿ, ಮಗುವಿಗೆ ತುತ್ತಿಡುವವನಂತೆ ಒಂದು ತಟ್ಟೆಯಲ್ಲಿಟ್ಟೆ. ಸಾಲದೆಂದು ಇನ್ನೂ ನಾಲ್ಕು ಇಟ್ಟೆ.

ಹಿತ್ತಲಿನಿಂದ ಅವಳ ಅವ್ವ, ಅಂದರೆ ತಂದೆಯ ತಾಯಿ, ಗಾಳಿ ಮೂಸುತ್ತ ಬಂದರು. "ಎವರಮ್ಮಾ ಅದಿ, ಯಾರದು? ನಶ್ಯದ ವಾಸ್ನೆ ಬತ್ತೈತೆ."

"ನಮ್ಮ ಕಾಲೇಜಿನ ಸಾರ್ ಅವ್ವಾ."

"ಸಾರಾದ್ರೇನು. ಹುಳಕ್ಕೆ ಹೊಗೆಸೊಪ್ಪು ಇಸ ಅಂತ ಗೊತ್ತಿಲ್ವಾ? ನೀವು ಆಚೆಗೆ ಬನ್ನಿ ಸ್ವಾಮಿ, ಕೈ ಹಿಂದಕ್ಕೆ ಕಟ್ಕೊಂಡು ಬನ್ನಿ."

ಬಂದೆ. ಆ ತಟ್ಟೆಯನ್ನು ಅನಿತ ಎತ್ತಿ ಹೊರಗೆ ಬೇರೆಯಾಗಿಟ್ಟಳು. ಎಚ್ಚರಿಕೆ ಕೊಡಲು ಬಂದವನು ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತು ಕಿಟಕಿಯ ಮೂಲಕ ಮಾತಾಡಿದೆ. ಅವ್ವ ಗದರಿದಷ್ಟೇ ಬೇಗ ತಣ್ಣಗಾದರು.

"ಹಣ್ಣಾಗಿ ಗೂಡು ಕಟ್ಟೋಕೆ ಮುಂಚೆ ಒಂದು ವಾರ ಹುಳ ಹೊಟ್ಟೆಬಾಕ ಸಾರ್. ಬೆಳಿಗ್ಗೆ ಸೊಪ್ಪು ತಡ ಆಗಂಗಿಲ್ಲ. ಇವಳು ಹಾಕ್ಬಿಟ್ಟು ಎರಡನೇ ಬಸ್ಸಿಗೆ ಬತ್ತಾಳೆ. ಇವಳಪ್ಪ ಸೊಪ್ಪು ಕುಯ್ಯೋನು ಒಬ್ನೇ. ನನ್ಗೆ ಮೇಲಿನ ತಟ್ಟೆ ಎಟುಕಲ್ಲ."

"ಇವಳ ತಾಯಿ?"

ಅವ್ವ ಸೆರಗಿನಿಂದ ಕೈ ಒರೆಸಿಕೊಂಡರು. "ಹೋದ ವರ್ಷದ ಹಿಂದಿನ ವರ್ಷ ಹೋಗ್ಬಿಟ್ಳು ಸಾರ್. ಅವಾಗಿಂದ ಮನೇಲಿ ಒಂದು ಕೈ ಶಾರ್ಟೇಜು."

ತಿದ್ದುವುದು ನನ್ನ ಕಸುಬು. ಅದು ಶಾರ್ಟೇಜ್ ಅಲ್ಲ ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಒಳಗೆ ಅನಿತ ತುದಿಗಾಲಲ್ಲಿ ನಿಂತು ಮೇಲಿನ ತಟ್ಟೆಗೆ ಸೊಪ್ಪು ಹಾಕುತ್ತಿದ್ದಳು. ತುಂಬಿಸಲಾಗದ್ದನ್ನು ದಿನಕ್ಕೆ ಮೂರು ಹೊತ್ತು ತುಂಬಿಸುತ್ತಿದ್ದ ಮನೆಯದು. ನಾನು ತಿದ್ದಲಿಲ್ಲ. ಎಚ್ಚರಿಕೆಯನ್ನೂ ಕೊಡಲಿಲ್ಲ, ಕಾಫಿ ಕುಡಿದು, ಅದೂ ಹೊರಗೇ, ಬಸ್ಸು ಹತ್ತಿದೆ.

ಗುರುವಾರ ಕಾರಿಡಾರಿನಲ್ಲಿ ಅನಿತ ಸಿಕ್ಕಳು. "ಆ ತಟ್ಟೆ ಹೋಯ್ತು ಸಾರ್. ಮಿಕ್ಕಿದ್ದೆಲ್ಲ ಚೆನ್ನಾಗಿ ಗೂಡು ಕಟ್ತಾವೆ. ನಿಮ್ಗೆ ಹೇಳ್ಬೇಡ ಅಂದ್ರು ಅವ್ವ."

ಆ ಮಧ್ಯಾಹ್ನವೇ ಬಾಷಾ ಸಾಬರ ಬಳಿ ಹೋಗಿ, ಹಾಜರಿ ಕಡಿಮೆಯಾದವರಿಗೆ ಊಟದ ಹೊತ್ತಿನಲ್ಲಿ ವಿಶೇಷ ತರಗತಿ ತೆಗೆದುಕೊಳ್ಳುವುದಾಗಿ ನೋಟಿಸು ಬರೆಸಿದೆ. ಪಟ್ಟಿಯಲ್ಲಿದ್ದ ಇನ್ನಿಬ್ಬರು ಬರಲಿಲ್ಲ. ಖಾಲಿ ಬೆಂಚುಗಳ ಮುಂದೆ ಹನ್ನೊಂದು ದಿನ ಹಾಜರಿ ಕೂಗಿದೆ, ಒಂದೇ ದನಿ "ಎಸ್ ಸಾರ್" ಅಂದಿತು. ನಶ್ಯದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ. ಈಗ ಅದರಲ್ಲಿ ಗುಂಡುಸೂಜಿಗಳಿವೆ.

ಮುಳಬಾಗಿಲು ಬಂತು. ಸೊಪ್ಪಿನ ಹೆಂಗಸಿಗೆ ತಡೆಯಲಾಗಲಿಲ್ಲ. "ಕೈಗೆ ಏನಾಗೈತೆ ಸಾರ್?"

"ಹಿಂದೆ ನಶ್ಯ ಹಾಕ್ತಿದ್ದೆ ಕಣಮ್ಮ. ಸೊಪ್ಪಿಗೆ ತಗಲಬಾರದು ಅಂತ."

"ಈಗ?"

"ಬಿಟ್ಟು ಹದಿನಾಲ್ಕು ವರ್ಷ ಆಯ್ತು."

"ಇನ್ನೇನು ಮತ್ತೆ. ಚೀಲಕ್ಕೆ ಒಂದು ಕೈ ಕೊಡಿ."

ಕೊಟ್ಟೆ. ಇಬ್ಬರೂ ಸೇರಿ ಇಳಿಸಿದೆವು. ಸೊಪ್ಪಿನ ನೀರು ಪಂಚೆಗೆಲ್ಲ ಆಯಿತು.

ಹಾಲ್ ಟಿಕೆಟ್ಟಿನ ವಿಷಯ ಹೇಳುವುದನ್ನು ಮರೆತೆ. ಅದು ಬಂತು. ಅನಿತಳಿಗೆ ಇಂಗ್ಲಿಷಿನಲ್ಲಿ ಐವತ್ತೆಂಟು.