ತಾರಸಿಗೆ ಬೀಗ, ಕೆಳಗೆ ಬೋಂಡ

ಎಪ್ಪತ್ತರ ದಶಕದ ಮದ್ರಾಸು. ಆಗೆಲ್ಲ ವೆಸ್ಟ್ ಮಾಂಬಲಂನ ನಮ್ಮ ಬೀದಿಗೆ ಕತ್ತಿರಿ ಬಿಸಿಲು, ಅಂದರೆ ಮೇ ತಿಂಗಳ ಉರಿಬಿಸಿಲು, ಬಂತೆಂದರೆ ಕಾಗೆಗಳು ಹಾರುವುದು ಬಿಟ್ಟು ಗೋಡೆಯ ನೆರಳು ಹಿಡಿದು ನಡೆದೇ ಹೋಗುತ್ತಿದ್ದವು. ಕಣ್ಣಾರೆ ಕಂಡಿದ್ದೇನೆ. ನಂಬದವರು ಬಿಡಿ.

ಆ ಬೇಸಿಗೆ ಅಪ್ಪಯ್ಯನಿಗೆ ಎದೆನೋವು ಬಂತು. ಎಣ್ಣೆಯಲ್ಲಿ ಕರಿದದ್ದು ತಿಂದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಅಪ್ಪಯ್ಯನೋ ಹೋಟೆಲಿನಲ್ಲಿ ಬೋಂಡ ಕರಿಯುವವನು! ಆ ವಾಸನೆಗೆ ಹೊರಟ ಬಸ್ಸೂ ವಾಪಸು ಬರುತ್ತದೆಂದು ನಾನು ಸ್ಕೂಲಿನಲ್ಲಿ ಸಾರಿಕೊಂಡು ತಿರುಗುತ್ತಿದ್ದೆ.

"ಇನ್ಮೇಲೆ ಈ ಮನೇಲಿ ಸುಟ್ಟದ್ದೇ ಊಟ" ಎಂದಳು ಅಮ್ಮ. ದಿನಾ ಮಧ್ಯಾಹ್ನ ಸ್ಕೂಲಿಗೆ ರಜೆಯಿದ್ದ ನಾನೂ ಹೋಟೆಲಿಗೆ ರಜೆ ಹಾಕಿದ ಅಪ್ಪಯ್ಯನೂ ಇದ್ದಿಲ ಒಲೆ ಹೊತ್ತು ತಾರಸಿಗೆ ಹೋಗಿ ಗೆಣಸು, ಜೋಳ, ಬದನೆಕಾಯಿ ಸುಡಬೇಕು. ಕೆಳಗೆ ಕೆಂಡ, ಮೇಲೆ ಸೂರ್ಯ. ಬದನೆಕಾಯಿಗಿಂತ ಮೊದಲು ನಾನೇ ಬೇಯುತ್ತಿದ್ದೆ.

ಒಂದು ದಿನ ನೀರು ಕುಡಿಯಲು ಇಳಿಯೋಣವೆಂದು ಬಾಗಿಲು ತಳ್ಳಿದರೆ, ಆಚೆಯಿಂದ ಬೀಗ!

"ಅಪ್ಪಯ್ಯಾ, ಕದವು ಪೂಟ್ಟಿಯಿರುಕ್ಕು!" ಬೀದಿಯ ತಮಿಳಿನಲ್ಲೇ ಬೊಬ್ಬೆ ಹೊಡೆದೆ.

"ಕನ್ನಡದಲ್ಲಿ ಹೆದರು ಮಾರಾಯ."

ಬಡಿದೆವು, ಕೂಗಿದೆವು. ಯಾರೂ ಬರಲಿಲ್ಲ. ನನ್ನ ಹವಾಯಿ ಚಪ್ಪಲಿ ಕರಗಿ ದೋಸೆಯಾಯಿತು. ಅಷ್ಟರಲ್ಲಿ ಅಪ್ಪಯ್ಯನ ಮೂಗು ಅರಳಿತು.

"ನಮ್ಮದೇ ಬಾಣಲೆ" ಎಂದ, ಮೆಲ್ಲಗೆ.

ಗೋಡೆಯಿಂದ ಬಗ್ಗಿ ನೋಡಿದೆ. ಕೆಳಗೆ ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ ಬೋಂಡ ಬಿಡುತ್ತಿದ್ದಾಳೆ. ಪಕ್ಕದಲ್ಲಿ, ಹೆರಿಗೆಗೆ ಬಂದಿದ್ದ ಅಕ್ಕ ತಟ್ಟೆ ಹಿಡಿದು ಕೂತಿದ್ದಾಳೆ. ಬಸುರಿ ಬಯಸಿದ್ದು ಕೊಡದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದಂತೆ. ನಮ್ಮ ಮನೆಯಲ್ಲಿ ಆ ಮಾತಿಗೆ ಡಾಕ್ಟರ ಮಾತಿನಷ್ಟೇ ತೂಕ.

"ಅಮ್ಮಾ, ಬಾಗ್ಲು ತೆಗಿ!"

ಅವಳು ತಲೆ ಎತ್ತಲಿಲ್ಲ. "ಸ್ವಲ್ಪ ಇರಾ. ಅಪ್ಪಯ್ಯ ಇಳಿದ್ರೆ ತಟ್ಟೆಗೆ ಕೈ ಹಾಕ್ತಾರೆ. ನಂಗೆ ಅವ್ರು ಬೇಕು, ಮಾರಾಯ."

ಅಪ್ಪಯ್ಯ ಬಾಗಿಲು ಒಡೆಯುತ್ತಾನೆಂದುಕೊಂಡೆ. ನಾನಾಗಿದ್ದರೆ ಹಾರಿಯೇ ಬಿಡುತ್ತಿದ್ದೆ. ಅವನು ಬಂದು ನನ್ನ ಪಕ್ಕ ಗೋಡೆಗೆ ಒರಗಿ, ಬಾಣಲೆಯ ಸದ್ದಿಗೆ ಕಿವಿಗೊಟ್ಟ. ಆಮೇಲೆ ಇಡೀ ಬೀದಿಗೆ ಕೇಳುವಂತೆ ಕೂಗಿದ:

"ಇವ್ಳೇ! ಎಣ್ಣೆ ಕಾಯ್ಲಿಲ್ಲ. ತಡಿ... ತಡಿ... ಈಗ ಬಿಡು!"

ಅಮ್ಮನ ಕೈ ಅರೆಗಳಿಗೆ ನಿಂತಿತು. ಆಮೇಲೆ ಬಿಟ್ಟಳು. ಬೋಂಡ ಚೆಂಡಿನ ಹಾಗೆ ಉಬ್ಬಿ ಮೇಲೆದ್ದಿತು. ಅಕ್ಕ ಕಚ್ಚಿ, ಕಣ್ಣು ಮುಚ್ಚಿದಳು. ಅದನ್ನು ನೋಡಿಕೊಂಡೇ ಅಪ್ಪಯ್ಯ ಸುಟ್ಟ ಬದನೆಕಾಯಿಯ ಸಿಪ್ಪೆ ಸುಲಿದು, ಉಪ್ಪು ಉದುರಿಸಿ ಬಾಯಿಗೆ ಹಾಕಿಕೊಂಡ.

"ಇದಕ್ಕೂ ರುಚಿ ಉಂಟು" ಎಂದ. ನನ್ನ ಜೀವಮಾನದ ಬುರುಡೆಗಳೆಲ್ಲ ಆ ಒಂದು ಸುಳ್ಳಿನ ಮುಂದೆ ಸಪ್ಪೆ.

ಮರುದಿನದಿಂದ ಅಮ್ಮ ಬೀಗ ಹಾಕಲಿಲ್ಲ. ಅಪ್ಪಯ್ಯ ಇಳಿಯಲೂ ಇಲ್ಲ. ಮೇಲೆ ಕೆಂಡದ ಹೊಗೆ, ಕೆಳಗೆ ಎಣ್ಣೆಯ ಹೊಗೆ, ನಡುವೆ ಅವನ ಕೂಗು. ಎದುರುಮನೆಯ ಮಾಮಿಯೂ ಆ ಕೂಗಿಗೆ ಕಾದು ತನ್ನ ಬಜ್ಜಿ ಬಿಡುತ್ತಿದ್ದಳು.

ಈಗ ವೇಲಚೇರಿಯ ಫ್ಲ್ಯಾಟಿನಲ್ಲಿದ್ದೇನೆ. ಬಾಲ್ಕನಿಯಲ್ಲಿ ಗೆಣಸು, ಜೋಳ ಸುಡಲು ಕರೆಂಟಿನ ಗ್ರಿಲ್ ಉಂಟು, ತಾರಸಿಯ ಬೀಗದ ಕೈ ವಾಚ್‌ಮನ್ ಹತ್ತಿರ. ಅಪರೂಪಕ್ಕೆ ಮಗಳು ಕೇಳಿದಳೆಂದು ಬಾಣಲೆ ಇಡುತ್ತೇನೆ. ಎಣ್ಣೆ ಕಾಯುತ್ತದೆ, ಹಿಟ್ಟು ಕೈಯಲ್ಲೇ ಇರುತ್ತದೆ.

"ಬಿಡಪ್ಪಾ, ಇನ್ನೂ ಯಾರಿಗೆ ವೈಟಿಂಗು?" ಎನ್ನುತ್ತಾಳೆ ಅವಳು.